ಹಳೇ ಜೀಪಿನ ಹಿಂದಿನ ಬೇರಿಂಗ್: ಗ್ರೀಸ್ ಎಷ್ಟು, ಎಲ್ಲಿ, ಹೇಗೆ

ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ ಎಂದು ಹಳೇ ಜೀಪಿನ ಡ್ರಮ್ ಬಿಚ್ಚಿದರೆ ಎಷ್ಟೋ ಸಲ ಕಾಣುವುದು ಲೈನಿಂಗ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಮೇಲೆ ಮೆತ್ತಿಕೊಂಡ ಗ್ರೀಸು. ಲೈನಿಂಗ್ ಬದಲಾಯಿಸಿ ಮುಚ್ಚಿದರೆ ಕೆಲವೇ ದಿನಗಳಲ್ಲಿ ಮತ್ತದೇ ಕತೆ. ತಪ್ಪು ಬ್ರೇಕಿನದಲ್ಲ, ಗ್ರೀಸ್ ಗನ್ ಹಿಡಿದ ಕೈಯದು.

ಇಲ್ಲಿ ಹೇಳುತ್ತಿರುವುದು ವಿಲ್ಲಿಸ್ ಮಾದರಿಯ ಹಿಂದಿನ ಆಕ್ಸಲ್ ಬಗ್ಗೆ. ಮಹೀಂದ್ರ ಸಿಜೆ-3ಬಿ ಮತ್ತು ಅದೇ ಜಾತಿಯ, ಟೇಪರ್ (ಕೊನೆಗೆ ಸಣ್ಣಗಾಗುವ) ತುದಿಯ ಶಾಫ್ಟಿಗೆ ಕೀ ಎಂಬ ಉಕ್ಕಿನ ತುಂಡು ಹಾಕಿ ಹಬ್ ಕೂರಿಸುವ ಜೀಪುಗಳು. ಮಲೆನಾಡು, ಕೊಡಗಿನ ತೋಟಗಳಲ್ಲಿ ಇವು ಇನ್ನೂ ದುಡಿಯುತ್ತಿವೆ. ಸೀಲ್ಡ್ ಬೇರಿಂಗ್ ಬರುವ ಹೊಸ ಗಾಡಿಗಳಲ್ಲಿ ಗ್ರೀಸಿನ ಮಾತೇ ಇಲ್ಲ, ಸದ್ದು ಬಂದರೆ ಬೇರಿಂಗೇ ಬದಲು.

ಈ ಬೇರಿಂಗ್ ಕೂತಿರುವ ಜಾಗ ನೋಡಿ. ಆಕ್ಸಲ್ ಟ್ಯೂಬಿನ ತುದಿಯಲ್ಲಿ ಎರಡು ಆಯಿಲ್ ಸೀಲ್‌ಗಳ ನಡುವೆ ಒಂದು ಚಿಕ್ಕ ಕೋಣೆ. ಒಳಗಿನ ಸೀಲ್ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಗೇರ್ ಗುಂಪು) ಆಯಿಲನ್ನು ತಡೆಯುತ್ತದೆ, ಹೊರಗಿನದು ಗ್ರೀಸು ಬ್ರೇಕಿಗೆ ಹೋಗದಂತೆ ತಡೆಯುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಈ ಕೋಣೆಗೆ ಗ್ರೀಸ್ ಗನ್ ಸಿಕ್ಕಿಸುವ ನಿಪ್ಪಲ್ ಇದೆ, ಅದರ ಮೇಲ್ಭಾಗದಲ್ಲಿ ಸಣ್ಣ ತೂತೂ ಇದೆ. ಹೆಚ್ಚಾದ ಗ್ರೀಸು ಹೊರಬರಲೆಂದೇ ಇರುವ ತೂತು ಅದು. ಕೆಸರು, ಪೇಂಟು ಮೆತ್ತಿ ಮುಚ್ಚಿಹೋಗಿರುವುದರಿಂದ ಹೆಚ್ಚಿನವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಮೊದಲು ತಂತಿ ಹಾಕಿ ಅದನ್ನು ಬಿಡಿಸಿ. ಆಮೇಲೆ ಕೈಗನ್ನಿನಿಂದ ನಿಧಾನವಾಗಿ ಒತ್ತಿ, ತೂತಿನಲ್ಲಿ ಗ್ರೀಸು ಇಣುಕಿದ ಕೂಡಲೇ ನಿಲ್ಲಿಸಿ. ಸರ್ವೀಸ್ ಸ್ಟೇಷನ್ನಿನ ಏರ್ ಗನ್ ಇಲ್ಲಿಗೆ ಬೇಡವೇ ಬೇಡ. ತೂತು ಕಟ್ಟಿದ್ದಾಗ ಒತ್ತಡ ಹಾಕಿದರೆ ಗ್ರೀಸು ಸೀಲ್ ದಾಟಿ ಸೀದಾ ಲೈನಿಂಗ್ ಸೇರುತ್ತದೆ. ಮೂರು ಸಾವಿರ ಕಿಲೋಮೀಟರಿಗೊಮ್ಮೆ, ಅದೂ ಸ್ವಲ್ಪವೇ, ಸಾಕು.

ನಿಪ್ಪಲ್ ಇಲ್ಲದಿದ್ದರೆ ಶಾಫ್ಟ್ ಎಳೆದೇ ಮಾಡಬೇಕು. ನಿಪ್ಪಲ್ ಇದ್ದರೂ ಹೊಳೆ ದಾಟುವ ಗಾಡಿಯಾದರೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬಿಚ್ಚಿ ನೋಡುವುದೇ ಸರಿ. ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ. ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಎಂದರ್ಥ.

ಬಿಚ್ಚುವ ಮುಂಚೆ ಒಂದು ಎಚ್ಚರಿಕೆ. ಈ ಹಳೇ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಇರುತ್ತದೆ. ಹಿಂದಿನ ಒಂದು ಚಕ್ರ ಎತ್ತಿದಿರೋ, ಡಿಫರೆನ್ಷಿಯಲ್ ತಿರುಗಿಕೊಂಡು ನೆಲದ ಮೇಲಿನ ಚಕ್ರ ಉರುಳುತ್ತದೆ, ಹ್ಯಾಂಡ್ ಬ್ರೇಕ್ ಎಷ್ಟೇ ಗಟ್ಟಿ ಎಳೆದಿದ್ದರೂ ಸರಿ. ಸಮತಟ್ಟು ಜಾಗದಲ್ಲಿ ಫೋರ್‌ವೀಲ್ ಲೋ ಹಾಕಿ, ಗೇರಿನಲ್ಲಿಡಿ. ಮುಂದಿನ ಚಕ್ರಗಳನ್ನು ಆಕ್ಸಲ್‌ನಿಂದ ಬಿಡಿಸುವ ಫ್ರೀವೀಲ್ ಹಬ್ ಇದ್ದರೆ ಲಾಕ್ ಮಾಡಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಜಾಕಿಯ ಮೇಲೆ ಕೆಲಸ ಬೇಡ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇರಲಿ.

ಚಕ್ರ ನೆಲದ ಮೇಲಿರುವಾಗಲೇ ಸ್ಪ್ಲಿಟ್ ಪಿನ್ ತೆಗೆದು, ಒಬ್ಬರು ಬ್ರೇಕ್ ತುಳಿದಿರುವಂತೆ ನಡುವಿನ ದೊಡ್ಡ ನಟ್ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಕೆಲವು ಸುತ್ತು ಉಳಿಯಲಿ. ಗಾಡಿ ಎತ್ತಿ, ಚಕ್ರ ತೆಗೆದು, ಸ್ಟಡ್‌ಗಳಿಗೆ ಬಿಗಿಯುವ ಸ್ಕ್ರೂ ಪುಲ್ಲರ್ ಹಾಕಿ. ಟೇಪರ್ ಬಿಟ್ಟುಕೊಡುವಾಗ ಗುಂಡು ಹೊಡೆದಂಥ ಸದ್ದಿನೊಂದಿಗೆ ಡ್ರಮ್ ಹಾರುತ್ತದೆ, ಅದನ್ನು ಹಿಡಿಯುವುದು ಆ ಉಳಿಸಿದ ನಟ್. ಶಾಫ್ಟಿನ ತುದಿಗೆ ಸುತ್ತಿಗೆ ಹಾಕುವ ಪದ್ಧತಿ ಬಿಡಿ. ಏಟು ಬೇರಿಂಗಿಗೂ, ಎರಡು ಶಾಫ್ಟ್‌ಗಳ ನಡುವಿನ ಥ್ರಸ್ಟ್ ಬ್ಲಾಕಿಗೂ ಬೀಳುತ್ತದೆ.

ಬ್ರೇಕ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಬ್ಯಾಕ್ ಪ್ಲೇಟ್ ತೆಗೆಯಿರಿ. ಪ್ಲೇಟ್ ಮತ್ತು ಆಕ್ಸಲ್ ಫ್ಲೇಂಜ್ ನಡುವೆ ಶಿಮ್ ಎಂಬ ತೆಳ್ಳಗಿನ ತಗಡುಗಳಿರುತ್ತವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ತಂತಿಯಲ್ಲಿ ಪೋಣಿಸಿಡಿ. ಈಗ ಶಾಫ್ಟ್ ಬೇರಿಂಗ್ ಸಮೇತ ಹೊರಬರುತ್ತದೆ.

ಬೇರಿಂಗ್ ಶಾಫ್ಟಿಗೆ ಪ್ರೆಸ್ ಆಗಿರುವುದರಿಂದ ಕಳಚಬೇಕಿಲ್ಲ, ಅಲ್ಲೇ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಪೂರ್ತಿ ಒಣಗಲಿ. ಏರ್ ಹೊಡೆದು ಬೇರಿಂಗನ್ನು ಗಿರಗಿರ ತಿರುಗಿಸುವ ಆಟ ಬೇಡ, ಎಣ್ಣೆಯಿಲ್ಲದ ರೋಲರ್ ಕೆರೆದುಹೋಗುತ್ತದೆ, ರೋಲರ್‌ಗಳನ್ನು ಹಿಡಿದಿಡುವ ಕೇಜ್ ಒಡೆಯಲೂಬಹುದು. ರೋಲರ್ ನೀಲಿಗಟ್ಟಿದ್ದರೆ, ಕಪ್‌ನಲ್ಲಿ (ಬೇರಿಂಗಿನ ಹೊರ ಬಳೆ) ಚುಕ್ಕಿ ಗುಳಿ ಅಥವಾ ಸಾಲುಗೆರೆ ಕಂಡರೆ, ಎಷ್ಟು ಗ್ರೀಸು ತುಂಬಿದರೂ ಉಪಯೋಗವಿಲ್ಲ, ಕಪ್ ಮತ್ತು ಕೋನ್ (ರೋಲರ್ ಸಮೇತದ ಒಳ ಬಳೆ) ಎರಡನ್ನೂ ಬದಲಿಸಿ. ಒಳಗಿನ ಸೀಲ್ ಹೇಗೂ ಹೊಸದು ಹಾಕಿ. ಅದರ ಸ್ಪ್ರಿಂಗ್ ಇರುವ ತುಟಿ ಡಿಫರೆನ್ಷಿಯಲ್ ಕಡೆಗಿರಬೇಕು. ತುಟಿ ತಾಗುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಇದ್ದರೆ ಹೊಸ ಸೀಲೂ ಸೋರುತ್ತದೆ.

ಗ್ರೀಸು ಲಿಥಿಯಂ ಬೇಸಿನದು, ಅಂಗಡಿಯಲ್ಲಿ ಎಪಿ-3 ಎಂದು ಕೇಳಿದರೆ ಕೊಡುವಂಥದ್ದು. ಚಾಸಿ ಗ್ರೀಸು ಬೇಡ. ಕ್ಯಾಲ್ಸಿಯಂ ಬೇಸಿನ ಆ ಗ್ರೀಸು ಸುಮಾರು 90 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಘಾಟಿ ಇಳಿಯುವಾಗ ಡ್ರಮ್ಮಿನ ಶಾಖಕ್ಕೆ ನಿಲ್ಲದು. ಲಿಥಿಯಂ ಗ್ರೀಸು ಕರಗುವುದು ಸುಮಾರು 180 ಡಿಗ್ರಿಯಲ್ಲಿ. ಬೇರೆ ಬೇರೆ ಬೇಸಿನ ಗ್ರೀಸುಗಳನ್ನು ಬೆರೆಸಿದರೆ ತೆಳುವಾಗಿ ಹರಿಯಬಹುದು, ಹಾಗಾಗಿ ಹಳೆಯದನ್ನು ಪೂರ್ತಿ ತೊಳೆದೇ ಹಾಕಿ.

ತುಂಬುವುದು ರೋಲರಿನ ದಪ್ಪ ತುದಿಯ ಕಡೆಯಿಂದ. ಬೆರಳಲ್ಲಿ ಗ್ರೀಸು ಒತ್ತುತ್ತಾ, ಸಣ್ಣ ತುದಿಯಲ್ಲಿ ರೋಲರ್‌ಗಳ ಸಂದಿಯಿಂದ ಎಳೆ ಎಳೆಯಾಗಿ ಇಣುಕುವವರೆಗೂ ಶಾಫ್ಟ್ ಸುತ್ತ ಬನ್ನಿ. ಮೇಲೆ ಬಳಿದರೆ ಒಳಗೆ ಹೋಗುವುದಿಲ್ಲ. ಕಪ್‌ಗೆ ತೆಳುವಾಗಿ ಸವರಿ, ಸೀಲ್ ತುಟಿಗೂ ಸ್ವಲ್ಪ ಹಚ್ಚಿ. ಉಳಿದ ಕೋಣೆ ಮೂರನೇ ಒಂದರಷ್ಟು ತುಂಬಿದರೆ ಸಾಕು, ಬಿಸಿಯಾದಾಗ ಹಿಗ್ಗಲು ಜಾಗ ಬೇಕಲ್ಲ. ಶಾಫ್ಟ್ ಒಳಗೆ ತಳ್ಳುವಾಗ ಎರಡೂ ಕೈಯಲ್ಲಿ ಎತ್ತಿ ಹಿಡಿಯಿರಿ, ತುದಿಯ ಹಲ್ಲುಗಳು (ಸ್ಪ್ಲೈನ್) ಕೆಳಗೆ ತಾಗಿದರೆ ಈಗಷ್ಟೇ ಹಾಕಿದ ಸೀಲ್ ಹರಿಯುತ್ತದೆ.

ಇನ್ನು ಪ್ಲೇ, ಅಂದರೆ ಶಾಫ್ಟ್ ಒಳಗೂ ಹೊರಗೂ ಅಲುಗಾಡುವ ಸಡಿಲ. ಎರಡೂ ಕಡೆಯ ಬೇರಿಂಗ್‌ಗಳು ನಡುವಿನ ಬ್ಲಾಕಿನ ಮೂಲಕ ಒಂದಕ್ಕೊಂದು ಒರಗಿಕೊಂಡಿವೆ. ಎಡಚಕ್ರವನ್ನು ಒಳಗೆ ತಳ್ಳುವ ಬಲವನ್ನು ಬಲಗಡೆಯ ಬೇರಿಂಗ್ ಹೊರುತ್ತದೆ. ಆದ್ದರಿಂದ ಒಂದು ಕಡೆ ಶಿಮ್ ಬದಲಿಸಿದರೆ ಇನ್ನೊಂದು ಕಡೆಗೂ ತಟ್ಟುತ್ತದೆ. ಬ್ಯಾಕ್ ಪ್ಲೇಟ್ ಬಿಗಿದು ಡಯಲ್ ಗೇಜ್ ಇಟ್ಟು ಶಾಫ್ಟನ್ನು ಎಳೆದು ತಳ್ಳಿದರೆ 1ರಿಂದ 6 ಥೌ (ಇಂಚಿನ ಸಾವಿರದ ಒಂದು ಭಾಗ), ಅಂದರೆ 0.03ರಿಂದ 0.15 ಮಿಲಿಮೀಟರ್ ಸಿಗಬೇಕು. ಹೆಚ್ಚಿದ್ದರೆ ಶಿಮ್ ತೆಗೆಯಿರಿ, ಏನೂ ಇಲ್ಲದಿದ್ದರೆ ಸೇರಿಸಿ. ಎರಡೂ ಕಡೆ ಆದಷ್ಟು ಸಮ ದಪ್ಪ ಇರಲಿ, ಇಲ್ಲವಾದರೆ ಬ್ಲಾಕ್ ಒಂದು ಪಕ್ಕಕ್ಕೆ ಸರಿಯುತ್ತದೆ.

ಟೇಪರ್‌ಗೆ ಮಾತ್ರ ಗ್ರೀಸು, ಎಣ್ಣೆ ಏನೂ ಬೇಡ. ಶಾಫ್ಟ್, ಹಬ್ ಎರಡನ್ನೂ ಒರೆಸಿ ಒಣಗಿಸಿಯೇ ಕೂರಿಸಿ. ನಟ್ ಕನಿಷ್ಠ 21 ಕೆಜಿ-ಮೀಟರ್ (150 ಪೌಂಡ್-ಅಡಿ) ಬಿಗಿಯಾಗಬೇಕು. ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ಇನ್ನೂ ಬಿಗಿದು ಹೊಂದಿಸಿ, ಸಡಿಲಿಸಿ ಅಲ್ಲ. ಸಡಿಲವಿದ್ದ ಹಬ್ ಮೊದಲು ಕೀಯನ್ನು ತಿನ್ನುತ್ತದೆ, ಆಮೇಲೆ ಶಾಫ್ಟನ್ನು. ಈ ಆಕ್ಸಲ್‌ನಲ್ಲಿ ಚಕ್ರವನ್ನು ಹಿಡಿದಿರುವುದು ಶಾಫ್ಟೇ, ತುದಿ ಮುರಿದರೆ ಚಕ್ರ ಡ್ರಮ್ ಸಮೇತ ಹೊರಟುಹೋಗುತ್ತದೆ.

ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ತೆಗೆದು, ಇಪ್ಪತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡಿ. ಒಂದು ಕಡೆ ಬೆಚ್ಚಗಿದ್ದು ಇನ್ನೊಂದು ಕಡೆ ಕೈ ಇಡಲಾಗದಿದ್ದರೆ ಬ್ರೇಕ್ ಉಜ್ಜುತ್ತಿದೆಯೋ ಬೇರಿಂಗ್ ಬಿಗಿಯಾಗಿದೆಯೋ ಎಂದು ಎತ್ತಿ ತಿರುಗಿಸಿ ನೋಡಿ. ನಟ್ಟನ್ನೂ ಇನ್ನೊಮ್ಮೆ ಬಿಗಿಯಿರಿ. ಮುಂದೆ ಎಂದಾದರೂ ಬ್ಯಾಕ್ ಪ್ಲೇಟಿನ ಕೆಳಗೆ ಗಂಧಕದ ವಾಸನೆಯ ತೆಳು ಎಣ್ಣೆ ಕಂಡರೆ ಅದು ಗ್ರೀಸಲ್ಲ, 90 ನಂಬರ್ ಗೇರ್ ಆಯಿಲ್. ಸೀಲನ್ನು ಬೈಯುವ ಮೊದಲು ಆಕ್ಸಲ್ ಮೇಲಿನ ಗಾಳಿಯಾಡುವ ಬ್ರೀದರ್ ಕಟ್ಟಿದೆಯೇ, ಆಯಿಲ್ ಲೆವೆಲ್ ಪ್ಲಗ್ಗಿಗಿಂತ ಮೇಲೆ ತುಂಬಿದೆಯೇ ನೋಡಿ.