ಸಮುದ್ರಕ್ಕೆ ಹೋಗೋಕೆ ಸಾಗರದ ಮೇಲೆ ಯಾಕೆ?

"ಸಮುದ್ರಕ್ಕೆ ಹೋಗೋಕೆ ಸಾಗರದ ಮೇಲೆ ಯಾಕೆ ಹೋಗ್ಬೇಕು?" ಅಪ್ಪ ಇದನ್ನು ತಮಾಷೆಗೆ ಕೇಳಿದ್ದಲ್ಲ. ತೀರ್ಥಹಳ್ಳಿ ಸುತ್ತಿನ ನಮಗೆ ಸಮುದ್ರದ ದಾರಿ ಅಂದರೆ ಆಗುಂಬೆ. ಮನೆಯಿಂದ ಮುಕ್ಕಾಲು ಗಂಟೆಗೆ ಘಟ್ಟದ ತಲೆ ಮುಟ್ಟುತ್ತೇವೆ. 14 ತಿರುವು ಇಳಿದರೆ ಸೋಮೇಶ್ವರ, ಆಮೇಲೆ ಹೆಬ್ರಿ, ಉಡುಪಿ. ಅದನ್ನು ಬಿಟ್ಟು ಹೊಸನಗರ, ಬಟ್ಟೆಮಲ್ಲಪ್ಪ ದಾಟಿ ಸಾಗರ ಪೇಟೆಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗೋದು ಅವರ ಪ್ರಕಾರ ತಲೆ ಹಿಂದಿನಿಂದ ಕೈ ಸುತ್ತಿಸಿ ಮೂಗು ಮುಟ್ಟಿಕೊಂಡ ಹಾಗೆ.

ಹಠ ಅಮ್ಮನದು. ಅವಳ ತವರು ತುಮರಿ ಸೀಮೆ, ಶರಾವತಿ ಹಿನ್ನೀರಿನ ಆಚೆ ದಡ. ಹೊಳೆಬಾಗಿಲಿನ ಹಿನ್ನೀರಿಗೆ 2025ರ ಜುಲೈನಲ್ಲಿ ಸೇತುವೆ ಆಯಿತು. "ಊರವರೆಲ್ಲ ದಾಟಿ ಬಂದು ನಂಗೆ ಕಥೆ ಹೇಳ್ತಾರೆ, ನಾನೇ ದಾಟಿಲ್ಲ" ಅಂತ ದೀಪಾವಳಿ ದಿನ ಕಣ್ಣಲ್ಲಿ ನೀರು ತಂದುಕೊಂಡಳು. ಅಲ್ಲಿಗೆ ಅಪ್ಪನ ವಾದ ಅರ್ಧ ಸತ್ತಿತು.

ಉಳಿದರ್ಧ ಸಾಯಲು ಒಂದು ವಾರ ಬೇಕಾಯಿತು. ಮಲೆನಾಡಿನಲ್ಲಿ ಪ್ರವಾಸದ ಯೋಜನೆ ಅಂದರೆ ಯಾವ ಘಟ್ಟ ಇಳಿಯೋದು ಅನ್ನುವ ಜಗಳ, ಅಷ್ಟೇ. ಅಕ್ಕ ಹುಲಿಕಲ್ ಘಾಟಿ ಅಂದಳು. ಹಳಬರು ಬಾಳೆಬರೆ ಅನ್ನುವುದು ಅದನ್ನೇ. ಅವಳ ಕಾರಣ ಒಂದೇ: ಅಲ್ಲಿ ಅವಳಿಗೆ ಇದುವರೆಗೆ ವಾಂತಿಯಾಗಿಲ್ಲ. ಭಾವನಿಗೆ ಜೋಗ ನೋಡಿಕೊಂಡು ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯುವ ಆಸೆ. ಬೆಂಗಳೂರಿಂದ ಬಂದ ಅಕ್ಕನ ಮಗ ಮೊಬೈಲಿನ ಮ್ಯಾಪು ತೋರಿಸುತ್ತಾ ಯಾವುದರಲ್ಲಿ ಎಷ್ಟು ನಿಮಿಷ ಉಳಿಯುತ್ತದೆ ಅಂತ ಹೇಳುತ್ತಲೇ ಇದ್ದ. ಅವನ ಮಾತು ಯಾರೂ ಕೇಳಲಿಲ್ಲ. ಕೊನೆಗೆ ನಿಕ್ಕಿಯಾದದ್ದು: ಸಾಗರ, ಸಿಗಂದೂರು, ಕೊಲ್ಲೂರು ಮೇಲೆ ಇಳಿಯೋದು, ಉಡುಪಿಯಿಂದ ಆಗುಂಬೆ ಹತ್ತಿ ವಾಪಸ್ ಬರೋದು. ಹೋಗುವಾಗ ಅಮ್ಮನ ದಾರಿ, ಬರುವಾಗ ಅಪ್ಪನ ದಾರಿ.

ದಿನ ಗೊತ್ತು ಮಾಡಿದ್ದು ಮಾತ್ರ ನಾವ್ಯಾರೂ ಅಲ್ಲ, ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವವನು. ಅವನು ಮರ ಹತ್ತಲು ಯಾವತ್ತು ಬರುತ್ತಾನೋ ಅವತ್ತಿಂದ ಮನೆಯಲ್ಲಿ ಅಡಿಕೆ ಸುಲಿಯೋದು, ಬೇಯಿಸೋದು, ಒಣಗಿಸೋದು ಬಿಟ್ಟು ಬೇರೆ ಲೋಕವಿಲ್ಲ. "ಸೋಮವಾರದ ಮೇಲೆ ನೋಡನ" ಅಂದಿದ್ದ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಡಿಕ್ಕಿಯಲ್ಲಿ ಕಡುಬು, ಕಾಯಿಚಟ್ನಿ, ಅಪ್ಪೆಮಿಡಿ ಡಬ್ಬಿ. ಅಕ್ಕನ ಮಡಿಲಲ್ಲಿ ನಾಲ್ಕು ನಿಂಬೆಹಣ್ಣು, ಒಂದು ಕಟ್ಟು ಪ್ಲಾಸ್ಟಿಕ್ ಚೀಲ.

ಆವಿನಹಳ್ಳಿ ದಾಟಿದ ಮೇಲೆ ಅಮ್ಮ ಮಾತು ನಿಲ್ಲಿಸಿದಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವಳಿಗೆ ಎಂಟು ವರ್ಷ. ಗದ್ದೆ, ಹಳೇ ಮನೆ, ಸಾಗರದ ನೇರ ದಾರಿ ಎಲ್ಲ ಒಟ್ಟಿಗೇ ನೀರಿನಡಿ ಹೋಯಿತು. ಅಜ್ಜ ಗುಡ್ಡದ ಮೇಲೆ ಸರಿದು ಮನೆ ಕಟ್ಟಿದರು. ಆಮೇಲೆ ಅವಳ ಬದುಕಿನಲ್ಲಿ ಆಸ್ಪತ್ರೆ, ಪೇಟೆ, ಮದುವೆಯ ದಿಬ್ಬಣ ಎಲ್ಲದಕ್ಕೂ ಈ ನೀರನ್ನು ದಾಟಲೇಬೇಕಿತ್ತು. ನನಗೆ ನೆನಪಿರುವುದು ಲಾಂಚು. ಅದರ ಮೇಲೆ ಬಸ್ಸೇ ಹತ್ತಿ ನಿಲ್ಲುತ್ತಿತ್ತು, ಸಂದಿಯಲ್ಲಿ ಜೀಪು, ಬೈಕು, ಅಡಿಕೆ ಮೂಟೆ. ಸಂಜೆ ಕಡೇ ಲಾಂಚು ತಪ್ಪಿದರೆ ಆ ರಾತ್ರಿ ಈಚೆ ದಡವೇ ಗತಿ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಲೇ ಇರಲಿಲ್ಲ.

ಶರಾವತಿ ಹುಟ್ಟುವುದು ನಮ್ಮ ತಾಲೂಕಿನ ಅಂಬುತೀರ್ಥದಲ್ಲಿ. "ನನ್ನ ಗಂಡನ ಊರಿನ ನೀರೇ ನನ್ನ ತವರು ಮುಳುಗಿಸಿದ್ದು" ಅಂತ ಅಮ್ಮ ಆಗಾಗ ಹೇಳೋದುಂಟು. ಅವತ್ತು ಹೇಳಲಿಲ್ಲ.

ಸೇತುವೆ 2.44 ಕಿಲೋಮೀಟರ್. ನಡುವೆ ಎತ್ತರದ ಕಂಬಗಳಿಂದ ಇಳಿಬಿಟ್ಟ ದಪ್ಪ ಕೇಬಲ್ಲು, ಎರಡೂ ಕಡೆ ತುಂಬಿದ ಹಿನ್ನೀರು, ಅದರಲ್ಲಿ ಗುಡ್ಡದ ತಲೆಗಳು. ಹಿಂದೆ ವಾಹನ ಇದ್ದುದರಿಂದ ಕಾರು ಓಡಿಸುತ್ತಿದ್ದ ಅಕ್ಕನ ಮಗ ನಿಲ್ಲಿಸದೆ ಹೊಡೆದ. ಮೂರು ನಿಮಿಷಕ್ಕೆ ಕಳಸವಳ್ಳಿ ಬಂತು.

"ಆಯ್ತಾ?" ಅಂದಳು ಅಮ್ಮ.

"ಆಯ್ತಲ್ಲ ಅಜ್ಜಿ."

"ಇಷ್ಟೇಯಾ?"

ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಅಪ್ಪ ಕೆಮ್ಮಿದರು. "ತಿರುಗ್ಸೋ ಮಾರಾಯ, ನಿಧಾನಕ್ಕೆ ಇನ್ನೊಂದ್ಸಲ ಹೋಗು." ಬೆಳಿಗ್ಗೆಯಿಂದ ಡೀಸೆಲ್ ಲೆಕ್ಕ ಹೇಳುತ್ತಿದ್ದ ಮನುಷ್ಯ! ಅಂಬಾರಗೋಡ್ಲು ದಡಕ್ಕೆ ಹೋಗಿ ಮತ್ತೆ ಬಂದೆವು. ಎರಡನೇ ಸಲ ಅಮ್ಮ ಗಾಜು ಇಳಿಸಿ, ಲಾಂಚು ಹತ್ತುತ್ತಿದ್ದ ಇಳಿಜಾರನ್ನು ಕುತ್ತಿಗೆ ತಿರುಗುವಷ್ಟು ದೂರ ನೋಡಿದಳು.

ಸಿಗಂದೂರಿನಲ್ಲಿ ಚೌಡೇಶ್ವರಿಗೆ ಕೈಮುಗಿದು, ಮಾವನ ಮನೆಯಲ್ಲಿ ಊಟ ಮಾಡಿ, ನಾಗೋಡಿ ದಾಟಿ ಕೊಲ್ಲೂರು ಘಾಟಿ ಹಿಡಿಯುವ ಹೊತ್ತಿಗೆ ಮೂರು ಗಂಟೆ. ಘಟ್ಟದಲ್ಲಿ ಮೊದಲ ಪಾಠ, ಹತ್ತುವ ಗೇರಿನಲ್ಲೇ ಇಳಿಯಬೇಕು. ಬೆಂಗಳೂರಿನ ಕಾಲಿಗೆ ಬ್ರೇಕು ಒಂದೇ ಗೊತ್ತು. ಅರ್ಧ ಇಳಿದಿರಲಿಲ್ಲ, ರಬ್ಬರು ಸುಟ್ಟಂಥ ವಾಸನೆ ಬಂತು. ಅಕ್ಕ ನಿಂಬೆಹಣ್ಣು ಮೂಸುತ್ತಿದ್ದವಳು "ಇದು ನಂದಲ್ಲ" ಅಂದಳು. ಸ್ವಲ್ಪ ಅಗಲವಿದ್ದ ಕಡೆ ನಿಲ್ಲಿಸಿದರೆ ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ. ಭಾವ ನೀರಿನ ಬಾಟಲಿ ಬಿಚ್ಚಿಕೊಂಡು ಓಡಿದರು. ಎದುರಿಂದ ಹತ್ತುತ್ತಿದ್ದ ಪಿಕಪ್ಪಿನವನು ತಲೆ ಹೊರಹಾಕಿ ಕೂಗಿದ: "ನೀರು ಹಾಕ್ಬೇಡಿ ಮಾರಾಯ್ರೆ! ಬಿಸೀ ಡಿಸ್ಕು ಸೊಟ್ಟ ಆಗ್ತದೆ. ಸುಮ್ನೆ ಅರ್ಧ ಗಂಟೆ ಕೂತ್ಕೊಳ್ಳಿ." ಕೂತೆವು. ಕಡುಬು ಖಾಲಿಯಾಯಿತು. ಆಮೇಲೆ ಎರಡನೇ ಗೇರಿನಲ್ಲಿ, ಎಂಜಿನ್ ಗುರುಗುಟ್ಟುವ ಸದ್ದಿಗೆ ಅಪ್ಪ ತಲೆದೂಗುತ್ತಾ ಇಳಿದೆವು.

ಕೊಲ್ಲೂರಿನಲ್ಲಿ ಕಂಡ ಸೌಪರ್ಣಿಕೆ ಮರವಂತೆಯಲ್ಲಿ ಮತ್ತೆ ಸಿಕ್ಕಿತು. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಅದೇ ಹೊಳೆ. ಅಮ್ಮ ಕಡಲಿಗೆ ಬೆನ್ನು ಹಾಕಿ ಹೊಳೆ ನೋಡುತ್ತಾ ನಿಂತಳು. ಅಲೆ ಅವಳಿಗೆ ಸೇರಲಿಲ್ಲ, "ಸುಮ್ನೆ ಗಲಾಟೆ" ಅಂತೆ. ಮರುದಿನ ಉಡುಪಿ, ಮಲ್ಪೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಬೆಳಗಿನ ಬನ್ಸು ಮತ್ತು ನವೆಂಬರಿನಲ್ಲೂ ಅಂಗಿ ಒದ್ದೆ ಮಾಡುವ ಸೆಖೆ.

ಭಾನುವಾರ ಸಂಜೆ ಹೆಬ್ರಿ ದಾಟಿ ಸೋಮೇಶ್ವರದಿಂದ ಹತ್ತತೊಡಗಿದೆವು. ಭಾರೀ ಲಾರಿಗಳನ್ನು ಈ ಘಾಟಿಯಲ್ಲಿ ಬಿಡುವುದಿಲ್ಲ. ಆದರೂ ತಿರುವು ಎಷ್ಟು ಬಿಗಿ ಅಂದರೆ ಒಂದು ಬಸ್ಸು ಇಳಿದು ಬಂದರೂ ಎದೆ ಡವಡವ. ಅಪ್ಪ ತಿರುವು ಎಣಿಸುತ್ತಾ ಹುಡುಗನಿಗೆ ಹೇಳುತ್ತಿದ್ದರು, "ಹತ್ತೋನಿಗೆ ಮೊದಲು ದಾರಿ. ಹಾರ್ನ್ ಹೊಡಿ, ಹೆದರ್ಬೇಡ." ಒಂಬತ್ತನೇ ತಿರುವಿನಲ್ಲಿ ಗಾಳಿ ತಣ್ಣಗಾಯಿತು. ಅಕ್ಕ ನಿಂಬೆಹಣ್ಣು ಚೀಲಕ್ಕೆ ಹಾಕಿದಳು.

ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಜನವೋ ಜನ. ಮುಳುಗಲು ಇನ್ನೂ ಹದಿನೈದು ನಿಮಿಷವಿತ್ತು. ಆಕಾಶ ಸ್ವಚ್ಛ, ದೂರದಲ್ಲಿ ಕಡಲು ಬೆಳ್ಳಿ ಗೆರೆಯ ಹಾಗೆ. ಆಗ ಅಪ್ಪನ ಫೋನು ಬಡಿದುಕೊಂಡಿತು.

"ಹ್ಞಾಂ, ಹೇಳು... ನಾಳೆನಾ? ಎಷ್ಟೊತ್ತಿಗೆ?... ಬಾ ಬಾ."

ಕೊನೆಗೌಡ. ಆರೂವರೆಗೆ ತೋಟದಲ್ಲಿರುತ್ತಾನಂತೆ, ಇಬ್ಬರು ಜನ ಬೇರೆ ಸಿಕ್ಕಿದ್ದಾರಂತೆ. ಅಮ್ಮ ಆಗಲೇ ಕಾರಿನ ಬಾಗಿಲು ತೆಗೆದು ಕೂತಿದ್ದಳು. "ಅಡಿಕೆ ಸುಲಿಯೋ ಮೆಟ್ಟುಗತ್ತಿಗೆ ಸಾಣೆ ಹಿಡಿಸಿಲ್ಲ, ಹಂಡೆ ತೊಳ್ದಿಲ್ಲ. ಹತ್ತಿ ಬೇಗ!"