ನಲವತ್ತೋ ಐವತ್ತೋ

ಹತ್ತು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಮನೆಯಲ್ಲಿ ಕೇಳಿದಾಗ ನಾನು ಕೊಟ್ಟ ಉತ್ತರ ಯಾರಿಗೂ ಅರ್ಥವಾಗಲಿಲ್ಲ. ನನ್ನ ಹ್ಯಾಸಲ್‌ಬ್ಲಾಡ್ 500ಸಿ/ಎಂ ದೊಡ್ಡ ಫಿಲ್ಮಿನ ಮೇಲೆ ಚೌಕ ಚಿತ್ರ ತೆಗೆಯುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಅದಕ್ಕೆ ಇದ್ದದ್ದು 80 ಮಿ.ಮೀ. ಲೆನ್ಸ್ ಒಂದೇ. ಭೂದೃಶ್ಯಗಳಿಗೆಂದು ವೈಡ್ ಆಂಗಲ್ ಲೆನ್ಸೊಂದನ್ನು ಕೊಳ್ಳುವ ಯೋಚನೆ ಬಹಳ ಕಾಲದಿಂದ ಇತ್ತು; ಮಿ.ಮೀ. ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ನೋಟ ಅಗಲ. ಝೈಸ್ ಕಂಪನಿಯ ಡಿಸ್ಟಗಾನ್ ಲೆನ್ಸುಗಳಲ್ಲಿ 60 ಮಿ.ಮೀ. ಲೆನ್ಸ್ 80ಕ್ಕೆ ತೀರಾ ಹತ್ತಿರ ಎನಿಸಿ ಅದನ್ನು ಬದಿಗಿಟ್ಟಿದ್ದೆ. ಉಳಿದದ್ದು 50 ಮತ್ತು 40. ಹೋಲಿಕೆಯ ಕೋಷ್ಟಕಗಳ ಪ್ರಕಾರ 35 ಎಂಎಂ ಕ್ಯಾಮೆರಾದ ಲೆಕ್ಕದಲ್ಲಿ ಮೊದಲನೆಯದು ಹೆಚ್ಚುಕಡಿಮೆ 28ಕ್ಕೆ, ಎರಡನೆಯದು 22ಕ್ಕೆ ಸಮ. ಆ ಸಣ್ಣ ಕ್ಯಾಮೆರಾದಲ್ಲಿ ನನಗೆ 24 ಪ್ರಿಯವಾದ ಲೆನ್ಸ್. ಹಾಗಾಗಿ ಮನಸ್ಸು 40ರ ಕಡೆಗೇ ವಾಲಿತ್ತು.

ಹಿರಿಯ ಗೆಳೆಯರೊಬ್ಬರ ಬಳಿ ಎರಡೂ ಇದ್ದವು. ‘ಕೋಷ್ಟಕ ಓದಿ ಲೆನ್ಸ್ ಕೊಳ್ಳಬೇಡಿ. ಒಂದು ದಿನ ಬನ್ನಿ, ಎರಡನ್ನೂ ಹಾಕಿ ನೋಡಿ’ ಎಂದರು. ನಸುಕಿನಲ್ಲಿ ಹೊರಟು ಬಂಡೆಗಳು ಹರಡಿದ್ದ ಹೊಳೆಯ ಪಾತ್ರವೊಂದಕ್ಕೆ ಇಳಿದೆವು. ನೀರಿನಾಚೆ, ಸಾಕಷ್ಟು ದೂರದಲ್ಲಿ, ಒಂಟಿ ಬೆಟ್ಟ.

ಮೊದಲು ಟ್ರೈಪಾಡಿಗೆ ಏರಿದ್ದು 40. ಅವರ ಬಳಿ ಇರುವುದು ಹಳೆಯ ಸಿ ಸರಣಿಯದು; ಒಂದು ಕಿಲೋಗೂ ಮೀರಿದ ತೂಕ, ಮುಂದೆ 104 ಮಿ.ಮೀ. ಫಿಲ್ಟರ್ ಬೇಡುವ ಅಗಲವಾದ ಗಾಜು. ಇಷ್ಟು ಕಡಿಮೆ ಫೋಕಲ್ ಲೆಂತಿಗೆ (ಆ ಮಿ.ಮೀ. ಸಂಖ್ಯೆಗೆ) ಇಷ್ಟು ದೊಡ್ಡ ದೇಹ ಏಕೆ ಎಂದು ಕೇಳುವವರಿದ್ದಾರೆ. ಈ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಫಿಲ್ಮಿಗೂ ನಡುವೆ ಸುಮಾರು 75 ಮಿ.ಮೀ. ಅಂತರವಿದೆ, ನಡುವೆ ಕನ್ನಡಿ ಮೇಲೆದ್ದು ಇಳಿಯಬೇಕಲ್ಲ. ಸಾಮಾನ್ಯ ವಿನ್ಯಾಸದ 40 ಮಿ.ಮೀ. ಲೆನ್ಸ್ ಫಿಲ್ಮಿಗೆ ಅದಕ್ಕಿಂತ ಎಷ್ಟೋ ಹತ್ತಿರ ಕೂರಬೇಕಾಗುತ್ತದೆ. ಅದನ್ನು ಕನ್ನಡಿಯ ಆಚೆಗೆ ತಳ್ಳಲು ಮುಂಭಾಗದಲ್ಲಿ ಬೆಳಕನ್ನು ಹರಡುವ ದೊಡ್ಡ ಗಾಜುಗಳನ್ನು ಸೇರಿಸುತ್ತಾರೆ. ಡಿಸ್ಟಗಾನ್ ಎಂದರೆ ಇಂಥ ರೆಟ್ರೋಫೋಕಸ್ ವಿನ್ಯಾಸ. ಕನ್ನಡಿಯನ್ನೇ ಕಿತ್ತುಹಾಕಿದರೆ ಈ ಕಷ್ಟವಿಲ್ಲ: 1954ರಲ್ಲಿ ಬಂದ ಹ್ಯಾಸಲ್‌ಬ್ಲಾಡ್ ಸೂಪರ್‌ವೈಡ್ ಅಂಥದ್ದು. ಲುಡ್ವಿಗ್ ಬೆರ್ಟೆಲೆ ರೂಪಿಸಿದ 38 ಮಿ.ಮೀ. ಬಯೋಗಾನ್ ಅದರಲ್ಲಿ ಫಿಲ್ಮಿಗೆ ಅಂಟಿಕೊಂಡಂತೆ ಕೂರುತ್ತದೆ, ನೇರ ಗೆರೆಗಳನ್ನು ನೇರವಾಗಿಯೇ ಇಡುತ್ತದೆ. ಆದರೆ ಲೆನ್ಸಿನ ಮೂಲಕ ನೋಡುವ ಭಾಗ್ಯವಿಲ್ಲ. ಮೇಲೆ ಕೂರಿಸಿದ ಪ್ರತ್ಯೇಕ ಕಿಂಡಿಯಲ್ಲಿ ಅಂದಾಜು ಮಾಡಬೇಕು. 1995ರ ಮಾಮಿಯಾ 7 ಕ್ಯಾಮೆರಾಕ್ಕೆ ಬರುತ್ತಿದ್ದ 43 ಮಿ.ಮೀ. ಲೆನ್ಸಿನದೂ ಇದೇ ಕಥೆ. ಆಕಾಶವನ್ನು ತಗ್ಗಿಸಲು ಅರೆಗಪ್ಪು ಫಿಲ್ಟರನ್ನು ಮೇಲೆ ಕೆಳಗೆ ಜಾರಿಸಿ ಕಣ್ಣಾರೆ ನೋಡುವ ಅಭ್ಯಾಸದವನಿಗೆ ಅದು ಒಗ್ಗುವುದಿಲ್ಲ.

ಲೆನ್ಸಿನ ಮೂಲಕ ನೋಡುವುದೂ ಆ ಹೊತ್ತಿನಲ್ಲಿ ಸುಖದ ಕೆಲಸವೇನಲ್ಲ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ರಂಧ್ರ ಸಣ್ಣದು, ಒಳಬರುವ ಬೆಳಕು ಕಡಿಮೆ. ಇದು ಎಫ್/4ರ ಲೆನ್ಸ್, ದೃಶ್ಯ ಮೂಡುವ ಮಸುಕು ಗಾಜಿನ ಮೂಲೆಗಳಲ್ಲಿ ಬರೀ ಕತ್ತಲೆ. ಮೇಲಿಂದ ಬಗ್ಗಿ ನೋಡುವ ಕಿಂಡಿಯಲ್ಲಿ ಎಡ ಬಲ ಅದಲುಬದಲು. ಗೆಳೆಯರು ಮುಂದಿನ ಕಲ್ಲಿನ ಮೇಲೆ ಟಾರ್ಚ್ ಹಿಡಿದರು, ನಾನು ಅದರ ಅಂಚಿಗೆ ಫೋಕಸ್ ಮಾಡಿದೆ. ಮೂಲೆಯಲ್ಲಿ ಟ್ರೈಪಾಡಿನ ಕಾಲು ಇಣುಕುತ್ತಿದೆಯೇ ಎಂಬುದನ್ನೂ ಟಾರ್ಚಿನಿಂದಲೇ ಪತ್ತೆ ಮಾಡಬೇಕಾಯಿತು.

ಬೆಳಕು ಸ್ವಲ್ಪ ಏರಿದಾಗ ದೃಶ್ಯ ಬಿಚ್ಚಿಕೊಂಡಿತು. ನೀರಿನ ಗುರುತುಗಳುಳ್ಳ ಕಲ್ಲು ಚೌಕದ ಕೆಳಗಿನ ಅರ್ಧವನ್ನು ತುಂಬಿ ನಿಂತಿತ್ತು. ನಾನು ಮೆಚ್ಚುಗೆಯ ಸದ್ದು ಮಾಡಿದೆ. ‘ಬೆಟ್ಟ ನೋಡಿ’ ಎಂದರು ಅವರು.

ಬೆಟ್ಟ ಒಂದು ಗುಬುಟಾಗಿತ್ತು.

ಅಲ್ಲಿಂದಾಚೆ ನಾವು ಮಾಡಿದ್ದೆಲ್ಲ ಇದರ ಸುತ್ತಲೇ. 40 ತೆಗೆದು 50 ಹಾಕಿದೆವು, ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆವು. ಕಲ್ಲು ಮತ್ತೆ ಮೊದಲಿನ ಗಾತ್ರಕ್ಕೇ ಬಂತು. ಬೆಟ್ಟ ಮಾತ್ರ ದೊಡ್ಡದಾಯಿತು, ಮತ್ತು ಅದು ದೊಡ್ಡದಾದದ್ದು ನಮ್ಮ ಹೆಜ್ಜೆಯಿಂದಲ್ಲ. ಕಿಲೋಮೀಟರುಗಳಾಚೆಯ ಬೆಟ್ಟಕ್ಕೆ ನಾವು ಒಂದು ಹೆಜ್ಜೆ ಮುಂದೆ ಬಂದರೇನು, ಹಿಂದೆ ಹೋದರೇನು. 80ರಲ್ಲಿ ಫಿಲ್ಮಿನ ಮೇಲೆ 20 ಮಿ.ಮೀ. ಹರಡುವ ಬೆಟ್ಟ 50ರಲ್ಲಿ ಹನ್ನೆರಡೂವರೆಗೆ ಇಳಿಯುತ್ತದೆ, 40ರಲ್ಲಿ ಹತ್ತಕ್ಕೆ. ಕಲ್ಲಿನ ಗಾತ್ರವನ್ನು ನನ್ನ ಕಾಲುಗಳು ತೀರ್ಮಾನಿಸಬಲ್ಲವು, ಬೆಟ್ಟದ ಗಾತ್ರ ಪೂರ್ತಿ ಲೆನ್ಸಿನ ಕೈಯಲ್ಲಿದೆ. ಹಾಗಿದ್ದ ಮೇಲೆ ವೈಡ್ ಆಂಗಲ್ ಲೆನ್ಸನ್ನು ಮುಂದಿನ ಕಲ್ಲಿಗಾಗಿ ಆರಿಸುವುದೇಕೆ? ಹಿಂದಿನ ಬೆಟ್ಟ ಎಷ್ಟು ಕುಗ್ಗಿದರೆ ನನಗೆ ಸಹನೀಯ ಎಂದು ನೋಡಿ ಆರಿಸಬೇಕು. ಇದನ್ನು ಯಾವ ಕೋಷ್ಟಕವೂ ನನಗೆ ಹೇಳಿರಲಿಲ್ಲ.

ಕೋಷ್ಟಕದ ಇನ್ನೊಂದು ಹುಳುಕೂ ಅಲ್ಲೇ ಹೊರಬಿತ್ತು. ಅದು ಹೋಲಿಸುವುದು ಚಿತ್ರದ ಕರ್ಣವನ್ನು. ನಮ್ಮ ಚೌಕ 56 ಮಿ.ಮೀ. ಅಗಲ, ಅಷ್ಟೇ ಎತ್ತರ. 35 ಎಂಎಂ ಚಿತ್ರ 36 ಅಗಲ, 24 ಎತ್ತರ. ಅಗಲವನ್ನಷ್ಟೇ ಹೋಲಿಸಿದರೆ 50 ಮಿ.ಮೀ. ಲೆನ್ಸ್ ಸಣ್ಣ ಕ್ಯಾಮೆರಾದ 32ಕ್ಕೆ ಸಮ, 40 ಮಿ.ಮೀ. ಲೆನ್ಸ್ 26ಕ್ಕೆ. ಅಂದರೆ ಚೌಕದಲ್ಲಿ ವೈಡ್ ಆಂಗಲ್ ಕೊಡುವ ಹೆಚ್ಚುವರಿ ನೋಟದ ಬಹುಪಾಲು ಅಡ್ಡಕ್ಕಿಲ್ಲ, ಮೇಲೆ ಮತ್ತು ಕೆಳಗೆ ಇದೆ. ಕೆಳಗೆ ಕಲ್ಲು ಇತ್ತು, ಸರಿ. ಮೇಲೆ ಆ ದಿನ ಒಂದು ತುಂಡು ಮೋಡವೂ ಇರಲಿಲ್ಲ. ಆ ಬೋಳು ಆಕಾಶವನ್ನು ಕತ್ತರಿಸೋಣವೆಂದರೆ ಸೆಂಟಿಮೀಟರಿನ ಲೆಕ್ಕದಲ್ಲಿ 6x6 ಎಂದು ಕರೆಯುವ ನಮ್ಮ ಚೌಕ 6x4.5 ಆಗುತ್ತದೆ, ದೊಡ್ಡ ಫಿಲ್ಮನ್ನು ಹೊತ್ತು ತಂದು ಕಾಲುಭಾಗ ಎಸೆದಂತೆ. 6x7 ಕ್ಯಾಮೆರಾ ಇರುವವರಿಗೆ ಈ ಗೋಳು ಕಡಿಮೆ.

40ರ ಪರವಾಗಿ ವಾದಿಸಿದವರು ಗೆಳೆಯರೇ, ಅದೂ ಗಟ್ಟಿಯಾದ ವಾದ. ಸ್ಪಷ್ಟತೆಯ ಆಳದ ವಿಷಯ, ಅಂದರೆ ಎಷ್ಟು ಹತ್ತಿರದಿಂದ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬುದು. ಮೀಡಿಯಂ ಫಾರ್ಮ್ಯಾಟಿಗೆ ಹೊಸಬರು ಮೊದಲು ಎಡವುವುದೇ ಇಲ್ಲಿ. ಎಫ್/22ರಲ್ಲಿ, ಅನಂತದವರೆಗೆ ಸ್ಪಷ್ಟವಾಗಿರುವಂತೆ ಫೋಕಸ್ ಇಟ್ಟರೆ, 80ರಲ್ಲಿ ಹತ್ತಿರದ ಮಿತಿ ಮೂರು ಮೀಟರಿನ ಆಸುಪಾಸು. ಕಾಲಬುಡದ ಕಲ್ಲು ಮಸುಕೇ. 50ರಲ್ಲಿ ಆ ಮಿತಿ ಸುಮಾರು 1.2 ಮೀಟರಿಗೆ ಬರುತ್ತದೆ. 40ರಲ್ಲಿ ಮುಕ್ಕಾಲು ಮೀಟರ್. ಹಾಗಾಗಿ 50 ಎಫ್/22ರಲ್ಲಿ ಕೊಡುವ ಆಳವನ್ನು 40 ಎಫ್/16ರಲ್ಲೇ ಕೊಟ್ಟುಬಿಡುತ್ತದೆ. ನಸುಕಿನಲ್ಲಿ ನಿಧಾನಗತಿಯ 50 ಐಎಸ್‌ಒ ಸ್ಲೈಡ್ ಫಿಲ್ಮ್ ಹಾಕಿಕೊಂಡು ಕುಳಿತವನಿಗೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ಸಣ್ಣದಲ್ಲ. ಎಫ್/22ರಲ್ಲಿ ಬೆಳಕಿನ ಮೀಟರು ಎರಡು ಸೆಕೆಂಡು ಕೇಳುತ್ತಿತ್ತು, ಲೆನ್ಸಿನ ಶಟರಿನಲ್ಲಿರುವುದು ಒಂದು ಸೆಕೆಂಡಿನವರೆಗೆ ಮಾತ್ರ. ಒತ್ತಿದಷ್ಟು ಹೊತ್ತೂ ಶಟರ್ ತೆರೆದೇ ಇರುವ ‘ಬಿ’ಗೆ ತಿರುಗಿಸಿ, ಗಡಿಯಾರ ನೋಡುತ್ತ ಕೇಬಲ್ ಒತ್ತಿ ಹಿಡಿದೆ. ಆ ಎರಡು ಸೆಕೆಂಡಿನಲ್ಲಿ ಕಲ್ಲಿನ ಸಂದಿಯ ಹುಲ್ಲು ತನಗಿಷ್ಟ ಬಂದಂತೆ ತೂಗಾಡಿತು. ‘ನೋಡಿ, ನಾನಾಗಿದ್ದರೆ ಒಂದೇ ಸೆಕೆಂಡ್’ ಎಂದು ಅವರು ನಕ್ಕರು. ನಾನು ಒಪ್ಪಿದೆ. ಆದರೆ ಗಾಳಿ ನಿಲ್ಲುವವರೆಗೆ ಕಾಯಬಹುದು. ಗುಬುಟಾದ ಬೆಟ್ಟ ಎಷ್ಟು ಕಾದರೂ ಎದ್ದು ನಿಲ್ಲುವುದಿಲ್ಲ.

ಬಿಸಿಲೇರಿದ ಮೇಲೆ ನೀಲಿ ಆಕಾಶವನ್ನು ಕಡುವಾಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ನೋಡಿದೆವು. ಸೂರ್ಯನಿಂದ ತೊಂಬತ್ತು ಡಿಗ್ರಿ ಪಕ್ಕದ ಆಕಾಶ ಹೆಚ್ಚು ಕಪ್ಪಾಗುತ್ತದೆ. ನೋಟ ಅಗಲವಾದಷ್ಟೂ ಒಂದೇ ಚಿತ್ರದಲ್ಲಿ ಕಡುನೀಲಿ ಪಟ್ಟೆಯೂ ಪೇಲವ ಆಕಾಶವೂ ಅಕ್ಕಪಕ್ಕ ಬಂದು ಕೂರುತ್ತವೆ. ಎರಡು ಲೆನ್ಸಿನಲ್ಲೂ ಪಟ್ಟೆ ಕಂಡಿತು, 40ರಲ್ಲಿ ಅಸಹ್ಯವಾಗಿ.

ಹನ್ನೆರಡು ಚಿತ್ರಗಳ ರೋಲುಗಳು ತೊಳೆದು ಬಂದ ಮೇಲೆ ಲೈಟ್ ಟೇಬಲ್ಲಿನ ಮೇಲೆ ಜೋಡಿಸಿ, ಲೂಪ್ ಎಂಬ ಭೂತಗನ್ನಡಿ ಹಿಡಿದು ಕುಳಿತೆವು. ಮೂಲೆಗಳ ಹರಿತ, ಬಣ್ಣ ಎಂದೆಲ್ಲ ತಲೆ ತಿನ್ನುವವರಿಗೆ ನಿರಾಸೆಯಾದೀತು: ಎಫ್/16ರ ಆಚೆಗೆ ನನಗೆ ಎರಡರ ನಡುವೆ ಜಗಳವಾಡುವಷ್ಟು ಭೇದ ಕಾಣಲಿಲ್ಲ. ಕಂಡದ್ದು ಬೆಟ್ಟವೇ. 50ರ ಸ್ಲೈಡುಗಳಲ್ಲಿ ಅದಕ್ಕೆ ಇನ್ನೂ ಭಾರವಿತ್ತು.

ಕೊನೆಗೆ ಸೆಕೆಂಡ್ ಹ್ಯಾಂಡ್ 50 ಮಿ.ಮೀ. ಲೆನ್ಸೊಂದನ್ನು ಕೊಂಡೆ, ಸಿಎಫ್ ಸರಣಿಯ ಎಫ್‌ಎಲ್‌ಇ ಮಾದರಿಯದು. ಹತ್ತಿರದ ವಸ್ತುಗಳಿಗೆ ಅದರಲ್ಲಿ ಇನ್ನೊಂದು ಉಂಗುರವನ್ನು ಕೈಯಾರೆ ಹೊಂದಿಸಬೇಕು, ಮರೆತರೆ ಅಂಚುಗಳು ಸಪ್ಪೆಯಾಗುತ್ತವೆ. ಕಲ್ಲುಗಳನ್ನು ಹುಡುಕಿ ಹೋಗುವವನಿಗೆ ಆ ತೊಂದರೆ ತಕ್ಕದ್ದೇ. ನನ್ನ 80 ಕೂಡ ಸಿಎಫ್ ಆದ್ದರಿಂದ ಇದ್ದ 60 ಅಳತೆಯ, ತಿರುಗಿಸಿ ಸಿಕ್ಕಿಸುವ ಬಯೊನೆಟ್ ಫಿಲ್ಟರುಗಳೇ ಇದಕ್ಕೂ ಹಿಡಿದವು. ಕೊಳ್ಳುವ ಮೊದಲು ಟಾರ್ಚ್ ಬಿಟ್ಟು ಒಳಗೆ ಬೂಷ್ಟಿನ ಎಳೆಗಳಿಲ್ಲವೆಂದು ನೋಡಿದೆ, ನಿಧಾನದ ಶಟರ್ ವೇಗಗಳನ್ನು ಒಂದೊಂದಾಗಿ ಒತ್ತಿ ಆಲಿಸಿದೆ. ಬಹುಕಾಲ ಬಳಸದೆ ಬಿದ್ದ ಲೆನ್ಸುಗಳಲ್ಲಿ ಮೊದಲು ಸೊರಗುವುದು ಒಂದು ಸೆಕೆಂಡು, ಅರ್ಧ ಸೆಕೆಂಡುಗಳೇ, ಮತ್ತು ನನ್ನ ಕೆಲಸವೆಲ್ಲ ನಡೆಯುವುದು ಅವುಗಳಲ್ಲೇ.

ಗೆಳೆಯರ 40ನ್ನು ಈಗಲೂ ಆಗೀಗ ಕೇಳಿ ಒಯ್ಯುತ್ತೇನೆ, ಹಿಂದೆ ಸರಿಯಲು ಜಾಗವಿಲ್ಲದ ಇಕ್ಕಟ್ಟಾದ ಕಂದರಗಳಿಗೆ ಹೋಗುವಾಗ. ಅಲ್ಲಿ ಕುಗ್ಗಲು ದೂರದ ಬೆಟ್ಟವೆಂಬುದೇ ಇರುವುದಿಲ್ಲ.