ಬಾಕ್ಸಿನ ಅಡಿಯ ಹಣ್ಣು

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ನಾನು ರೈಟರ್. ಹನ್ನೊಂದು ವರ್ಷ ಆಯಿತು. ರೈಟರ್ ಅಂದರೆ ದೊಡ್ಡ ಕೆಲಸ ಏನಲ್ಲ, ಪಟ್ಟಿ ಬರೆಯೋದು. ಯಾರ ಲಾಟು, ಎಷ್ಟು ಬಾಕ್ಸು, ಯಾವ ರೇಟಿಗೆ ಹೋಯಿತು, ಗಾಡಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಹಿಂದೆ ತಗೊಂಡ ಅಡ್ವಾನ್ಸಿಗೆ ಎಷ್ಟು ಮುರಿಯಬೇಕು, ಕೊನೆಗೆ ಕೈಗೆ ಎಷ್ಟು. ಬಾಕ್ಸಿಗೆ 15 ಕೆಜಿ ಲೆಕ್ಕ. ಸೀಸನ್ನಿನಲ್ಲಿ ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ತಲೆ ಎತ್ತೋಕೆ ಆಗಲ್ಲ.

ಎತ್ತಿದಾಗ ಕಣ್ಣಿಗೆ ಬೀಳೋದು ವ್ಯಾಪಾರಿಗಳ ಕೈ. ಹರಾಜು ಕೂಗುವವನು ಲಾಟಿನ ಮುಂದೆ ನಿಂತ ಕೂಡಲೇ ವ್ಯಾಪಾರಿ ಬಾಕ್ಸಿನ ಪಕ್ಕದಿಂದ ಕೈ ತೂರಿಸಿ ಅಡಿಯಿಂದ ಎರಡು ಹಣ್ಣು ಎಳೆದು ನೋಡುತ್ತಾನೆ. ಅನುಮಾನ ಬಂದರೆ ಇಡೀ ಬಾಕ್ಸನ್ನೇ ನೆಲಕ್ಕೆ ಸುರಿಯುತ್ತಾನೆ. ಮೇಲೆ ದಪ್ಪ, ಗಟ್ಟಿ ಹಣ್ಣು ಜೋಡಿಸಿ, ಅಡಿಗೆ ಸಣ್ಣದು, ಮಚ್ಚೆ ಬಿದ್ದದ್ದು ತುಂಬೋದು ಮಂಡಿಯಷ್ಟೇ ಹಳೇ ಆಟ. 'ಮೇಲೆ ಮದುವೆ ಊಟ, ಕೆಳಗೆ ತಂಗಳು' ಅಂತ ನಮ್ಮ ಹಮಾಲರು ನಗುತ್ತಾರೆ.

ಮುಳಬಾಗಿಲು ಕಡೆಯ ಒಬ್ಬ ಹಿರಿಯ ರೈತರ ಬಾಕ್ಸಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಹೆಸರು ಕೂಗಿದ ತಕ್ಷಣ ರೇಟು ಶುರು. ಪಕ್ಕದ ಲಾಟಿಗಿಂತ ಬಾಕ್ಸಿಗೆ ಇಪ್ಪತ್ತೋ ಮೂವತ್ತೋ ಜಾಸ್ತಿ. ಇಪ್ಪತ್ತು ರೂಪಾಯಿ ಏನು ಮಹಾ ಅನ್ನಬಹುದು. 200 ಬಾಕ್ಸಿಗೆ 4,000 ಆಯಿತು. ಒಂದು ಬೆಳೆಯಲ್ಲಿ ಹತ್ತು ಸಲ ಹಣ್ಣು ಬಿಡಿಸಿದರೆ 40,000. ಔಷಧಿ ಅಂಗಡಿಯ ಬಾಕಿ ಅದರಲ್ಲೇ ಹೋಗುತ್ತೆ. ಇದನ್ನ ನಾನು ವರ್ಷಗಟ್ಟಲೆ ಬರೆದಿದ್ದೇನೆ. ಆದರೆ ಪಟ್ಟಿಯಲ್ಲಿ ರೇಟು ಬರೆಯೋಕೆ ಜಾಗ ಇದೆ, ಆ ರೇಟು ಯಾಕೆ ಬಂತು ಅಂತ ಬರೆಯೋಕೆ ಇಲ್ಲ. ಹಾಗಾಗಿ ಅದರ ಬಗ್ಗೆ ಯೋಚನೆಯೂ ಮಾಡಿರಲಿಲ್ಲ.

2023ರ ಜುಲೈ ಬಂತು. ಅದಕ್ಕೆ ಮುಂಚೆ ರೇಟಿಲ್ಲ ಅಂತ ಎಷ್ಟೋ ಜನ ಟೊಮೆಟೊ ಬಿಟ್ಟಿದ್ದರು. ಹಾಕಿದವರ ತೋಟಕ್ಕೆ ಬಿಳಿ ನೊಣ, ಎಲೆ ಮುದುಡುವ ರೋಗ. ಹಣ್ಣೇ ಇಲ್ಲ. ಬಾಕ್ಸು 2,000 ದಾಟಿತು. ಜಿಲ್ಲೆಯ ಒಂದು ರೈತ ಕುಟುಂಬ 2,000 ಬಾಕ್ಸ್ ಮಾರಿ 38 ಲಕ್ಷ ತಗೊಂಡಿತು ಅಂತ ದೇಶದ ಪೇಪರಿನಲ್ಲೆಲ್ಲ ಬಂತು. ಜನ ರಾತ್ರಿ ಟಾರ್ಚು ಹಿಡಿದು ತೋಟ ಕಾದರು. ದಿಲ್ಲಿಯಲ್ಲಿ ಸರಕಾರವೇ ಕೆಜಿಗೆ 90 ರೂಪಾಯಿಯಂತೆ ಗಾಡಿಯಲ್ಲಿಟ್ಟು ಮಾರಿತು.

ಅಂಥ ದಿನಗಳಲ್ಲಿ ಅಡಿಯ ಹಣ್ಣು ಯಾರು ನೋಡುತ್ತಾರೆ? ಒಡೆದದ್ದು, ಕಾಯಿ, ಗೋಲಿ ಗಾತ್ರದ್ದು, ಎಲ್ಲವೂ ಹೋಗುತ್ತಿತ್ತು. ಆದರೂ ಆ ಹಿರಿಯರ ಹಣ್ಣು ಎಂದಿನಂತೆ ಬೇರೆ ಮಾಡಿಕೊಂಡೇ ಬರುತ್ತಿತ್ತು. ಸಣ್ಣದು ಬೇರೆ ಬಾಕ್ಸು, ಅದರ ಮೇಲೆ ಸೀಮೆಸುಣ್ಣದ ಗೆರೆ. 'ಈಗಲೂ ಯಾಕಣ್ಣ ಇಷ್ಟು ಕಷ್ಟ, ಹಾಗೇ ಹೋಗುತ್ತಲ್ಲ' ಅಂದೆ. 'ಬಿಡಿಸೋ ಹೆಣ್ಣಾಳುಗಳ ಕೈಗೆ ಅಭ್ಯಾಸ ಆಗಿದೆ ರೈಟ್ರೇ. ಈಗ ಕೆಡಿಸಿದರೆ ಮತ್ತೆ ಕಲಿಸೋರು ಯಾರು' ಅಂದರು. ಅಷ್ಟೇ. ಧರ್ಮದ ಮಾತು ಒಂದೂ ಇಲ್ಲ.

ದುಡ್ಡು ಬಂತಲ್ಲ, ಅದರಲ್ಲಿ ಅವರು ಮೊದಲು ಮಾಡಿದ್ದು ನಮ್ಮ ಮಂಡಿಯ ಅಡ್ವಾನ್ಸನ್ನ ಪೂರ್ತಿ ತೀರಿಸಿದ್ದು. ನಮ್ಮ ಸಾಹುಕಾರರಿಗೆ ಮುಖ ಸಣ್ಣದಾಯಿತು. 'ಇರ್ಲಿ ಬಿಡಿ, ಅವಸರ ಏನು?' ಅಂದರು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಸಾಲ ಕೊಟ್ಟವನು ವಾಪಸ್ ಬೇಡ ಅನ್ನುತ್ತಾನಾ? ಅನ್ನುತ್ತಾನೆ. ಅಡ್ವಾನ್ಸ್ ಇದ್ದರೆ ಹಣ್ಣು ನಮ್ಮ ಮಂಡಿಗೇ ಬರಬೇಕು. ತೀರಿಸಿದವನು ಎಲ್ಲಿಗೆ ಬೇಕಾದರೂ ಹೋಗಬಹುದು. ಅವರೇನೂ ಹೋಗಲಿಲ್ಲ. ಆದರೆ ಅಲ್ಲಿಂದಾಚೆ ಅವರ ಪಟ್ಟಿಯ ದುಡ್ಡು ಅದೇ ದಿನ ಸಿಗೋಕೆ ಶುರುವಾಯಿತು. ಮೊದಲು ನಾಲ್ಕೈದು ದಿನ ಓಡಾಡಬೇಕಿತ್ತು. ಅವರ ಪಕ್ಕದ ತೋಟದವನು ಅದೇ ತಿಂಗಳು ಸಾವಿರ ಅಡಿ ಬೋರು ಕೊರೆಸಿದ. ಇವರು ಕೊರೆಸಲಿಲ್ಲ, ಎಕರೆಯೂ ಜಾಸ್ತಿ ಮಾಡಲಿಲ್ಲ.

ನನ್ನ ಕಥೆ ಹೇಳಲೇಬೇಕು, ತಪ್ಪಿಸೋಕಾಗಲ್ಲ. ದಿನಕ್ಕೆ ನೂರು ಪಟ್ಟಿ, ಪಟ್ಟಿಯಲ್ಲಿ ಲಕ್ಷಗಳು, ಬರೆಯೋನ ಸಂಬಳ ತಿಂಗಳಿಗೆ 18,000. ತಲೆ ತಿರುಗಿತು. ಹೆಂಡತಿಯ ಸರ, ಬಳೆ ಅಡ ಇಟ್ಟು, ಭಾಮೈದನ ಜೊತೆ ಸೇರಿ ಬಂಗಾರಪೇಟೆ ಹತ್ತಿರ ಒಂದು ಎಕರೆ ಗುತ್ತಿಗೆಗೆ ಹಿಡಿದೆ. ಮಲ್ಚಿಂಗ್, ಡ್ರಿಪ್, ಕಡ್ಡಿ, ಔಷಧಿ, ಕೂಲಿ ಸೇರಿ ಎರಡು ಲಕ್ಷದ ಮೇಲೆ ಹೋಯಿತು. ನರ್ಸರಿಯಲ್ಲಿ ಸಸಿ ಸಿಗುತ್ತಿರಲಿಲ್ಲ, ಜಾಸ್ತಿ ಕೊಟ್ಟು ತಂದೆ. ಅದನ್ನ ಹೆಮ್ಮೆಯಿಂದ ಆ ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, 'ಸಸಿ ಯಾಕೆ ಸಿಗುತ್ತಿಲ್ಲ ಅಂತ ಯೋಚನೆ ಮಾಡಿದ್ರಾ?' ಅಂದರು. ಎಲ್ಲರೂ ನಾಟಿ ಮಾಡುತ್ತಿದ್ದರು, ಅದಕ್ಕೆ. ನಾಟಿ ಆದ ಎರಡು, ಎರಡೂವರೆ ತಿಂಗಳಿಗೆ ಹಣ್ಣು. ನನ್ನ ಹಣ್ಣು ಬರೋ ದಿನವೇ ಎಲ್ಲರ ಹಣ್ಣೂ ಬರುತ್ತೆ. ಹತ್ತು ವರ್ಷ ರೇಟು ಬರೆದವನಿಗೆ ಈ ಲೆಕ್ಕ ಹೊಳೆಯಲಿಲ್ಲ ನೋಡಿ.

ಸೆಪ್ಟೆಂಬರ್ ಕೊನೆಗೆ ನನ್ನ ಮೊದಲ ಲಾಟು ಬಂತು. ಅಷ್ಟರಲ್ಲಿ ರೇಟು ನೆಲಕ್ಕೆ ಬಿದ್ದಿತ್ತು. ಹಿಂದಿನ ರಾತ್ರಿ ತೋಟದಲ್ಲಿ ಬಲ್ಬು ಹಾಕಿಕೊಂಡು ಬಾಕ್ಸು ತುಂಬಿದೆವು. ನನ್ನ ಕೈ ತಾನಾಗೇ ದಪ್ಪ ಹಣ್ಣನ್ನ ಪಕ್ಕಕ್ಕೆ ಎತ್ತಿಡೋಕೆ ಶುರು ಮಾಡಿತು, ಕೊನೆಗೆ ಮೇಲೆ ಜೋಡಿಸೋಕೆ. ಯಾರೂ ಹೇಳಿಕೊಟ್ಟಿಲ್ಲ. ಬೆಳಿಗ್ಗೆ ಕೋಲ್ಕತ್ತಕ್ಕೆ ಲೋಡ್ ಮಾಡುವ ಒಬ್ಬ ವ್ಯಾಪಾರಿ, ದಿನಾ ನನ್ನ ಜೊತೆ ಟೀ ಕುಡಿಯುವವನು, ನನ್ನ ಬಾಕ್ಸಿಗೆ ಕೈ ತೂರಿಸಿದ. ಗೋಲಿ ಗಾತ್ರದ ಎರಡು ಹಣ್ಣು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ನನ್ನ ಕಡೆ ನೋಡಿದ. 'ರೈಟ್ರೇ, ನೀವೂನಾ?' ಅಂದ. ಬೈದಿದ್ದರೆ ವಾಸಿ ಇತ್ತು.

ಆ ದಿನ ನನ್ನದು 110ಕ್ಕೆ ಹೋಯಿತು. ಪಟ್ಟಿ ನಾನೇ ಬರೆದುಕೊಂಡೆ. ಆ ಹಿರಿಯರದ್ದು 140.

ಹಾಗಂತ 140ರಲ್ಲಿ ಅವರು ಉದ್ಧಾರ ಆದರು ಅಂತ ಅಲ್ಲ. ಖರ್ಚು ಕಳೆದರೆ ಆ ಬೆಳೆಯಲ್ಲಿ ಅವರಿಗೂ ಏನೂ ಉಳಿಯಲಿಲ್ಲ. ಪ್ರಾಮಾಣಿಕವಾಗಿ ದುಡಿದರೆ ದುಡ್ಡು ಬಂದೇ ಬರುತ್ತೆ ಅನ್ನೋ ಮಾತನ್ನ ಟೊಮೆಟೊ ಮಂಡಿಯಲ್ಲಿ ಹೇಳಿ ನೋಡಿ, ನಗುತ್ತಾರೆ. ಎಲ್ಲರಿಗಿಂತ ಬೆನ್ನು ಬಗ್ಗಿಸಿ ದುಡಿಯೋರು ಹಣ್ಣು ಬಿಡಿಸೋ ಹೆಂಗಸರು. ನಾನು ಕಂಡಂತೆ ಬಾಕ್ಸು 2,000 ಇದ್ದಾಗಲೂ 110 ಇದ್ದಾಗಲೂ ಅವರ ಕೂಲಿ ಹೆಚ್ಚುಕಮ್ಮಿ ಅಷ್ಟೇ. ವ್ಯತ್ಯಾಸ ಏನು ಅಂದರೆ, ಹಿರಿಯರ ತಲೆ ಮೇಲೆ ಅಡ್ವಾನ್ಸ್ ಇರಲಿಲ್ಲ. ಮನೆಗೆ ಹೋಗಿ ಮಲಗಿದರು. ನಾನು ಮಲಗಲಿಲ್ಲ.

ಆಮೇಲೆ ನನ್ನ ಕೆಲಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆ. ಮೊದಲು ಪಟ್ಟಿಯ ಮೇಲ್ಗಡೆ ಒಟ್ಟು ಮೊತ್ತ ದಪ್ಪಗೆ ಬರೆದು, ಅಡ್ವಾನ್ಸ್ ಬಾಕಿಯನ್ನ ಅಡಿಯಲ್ಲಿ ಸಣ್ಣಗೆ ಗೀಚುತ್ತಿದ್ದೆ. ಹಾಗೇ ಕಲಿಸಿದ್ದರು. ರೈತ ಮೇಲಿನ ಅಂಕಿ ನೋಡಿ ಖುಷಿಯಾಗಿ ಜೇಬಿಗೆ ಇಟ್ಟುಕೊಂಡು ಹೋಗುತ್ತಿದ್ದ. ಅದೂ ಒಂದು ಥರ ಬಾಕ್ಸು ತುಂಬೋದೇ ಅಲ್ವಾ? ಈಗ ಬಾಕಿಯನ್ನ ತಲೆಯ ಮೇಲೇ ಬರೆಯುತ್ತೇನೆ, ಅಷ್ಟೇ ದಪ್ಪಗೆ. ಸಾಹುಕಾರರು ಎರಡು ದಿನ ಗೊಣಗಿದರು. ಮೂರನೇ ದಿನ ಬಿಟ್ಟರು. ಸರ ಬಿಡಿಸಿಕೊಂಡಿದ್ದೇನೆ, ಬಳೆ ಇನ್ನೂ ಅಡದಲ್ಲೇ ಇದೆ.

ಹೋದ ವಾರ ಆ ಹಿರಿಯರ ಬದಲು ಮಗ ಬಂದಿದ್ದ. ಅಪ್ಪನಿಗೆ ಮಂಡಿನೋವಂತೆ. ಯಾರ ಹೆಸರಿಗೆ ಬರೀಲಿ ಅಂದೆ. 'ಅಪ್ಪ ನನ್ನ ಹೆಸರಿಗೇ ಹಾಕಿಸು ಅಂದಿದಾರೆ ಸಾರ್' ಅಂದ. ಅಪ್ಪನ ಹೆಸರೇ ಇರಲಿ, ರೇಟು ಬರುತ್ತೆ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಹೊಸ ಹೆಸರು ಕೂಗಿದರು. ವ್ಯಾಪಾರಿ ಬಾಕ್ಸಿನ ಪಕ್ಕ ಕೈ ತೂರಿಸಿದ. ಸಾಕಾಗಲಿಲ್ಲವೋ ಏನೋ, ಇಡೀ ಬಾಕ್ಸನ್ನ ನೆಲಕ್ಕೆ ಸುರಿದ. ಹುಡುಗನ ಕಿವಿ ಕೆಂಪಾಯಿತು, ಆದರೆ ನಿಂತ ಜಾಗದಿಂದ ಕದಲಲಿಲ್ಲ. ವ್ಯಾಪಾರಿ ಕಾಲಲ್ಲಿ ಹಣ್ಣು ಸರಿಸಿ ನೋಡಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ತಾನೇ ಒಂದೊಂದಾಗಿ ವಾಪಸ್ ತುಂಬಿದ.